ಗೋಡೆ ಓದುತ್ತಿದ್ದ ಕಂಬಿ ಮೇಸ್ತ್ರಿ

ಕಂಬಿ ಮೇಸ್ತ್ರಿ ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವ ಮೊದಲು ಗೋಡೆಯ ಮುಖ ನೋಡುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದವರೇ, ಬನ್ನಿ ಕೂತ್ಕೊಳ್ಳಿ ಎಂಬ ಮಾತು ಕಿವಿಗೇ ಬೀಳದವರ ಹಾಗೆ ಗೋಡೆಯ ಪಕ್ಕದಲ್ಲೇ ಸರಿದು ಒಂದು ಕಡೆ ನಿಂತು, ಎಡಗೆನ್ನೆಯನ್ನು ಸುಣ್ಣಕ್ಕೆ ತಾಗಿಯೂ ತಾಗದ ಹಾಗೆ ಇಟ್ಟು, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕು ಓರೆಯಾಗಿ ಹರಿಯುವ ಕಡೆಗೆ ಇನ್ನೊಂದು ಕಣ್ಣನ್ನು ಹಾಯಿಸುತ್ತಿದ್ದರು. ಈ ಮನುಷ್ಯ ಗೋಡೆಯ ಹತ್ತಿರ ಗುಟ್ಟು ಕೇಳುತ್ತಿದ್ದಾನೋ, ಅದಕ್ಕೆ ಮುತ್ತು ಕೊಡುತ್ತಿದ್ದಾನೋ ಎಂದು ನೋಡಿದವರಿಗೆ ಅನುಮಾನ. ಅವರು ಹುಡುಕುತ್ತಿದ್ದುದು ಕೊಳೆಯನ್ನು. ವಯಸ್ಸಾದವರ ಮನೆಯ ಗೋಡೆಗಳ ಮೇಲೆ, ಬಚ್ಚಲಿನ ಬಾಗಿಲ ಪಕ್ಕ, ಮಂಚದಿಂದ ಎರಡು ಹೆಜ್ಜೆ ಆಚೆ, ಅಡುಗೆಮನೆಯ ತಿರುವಿನಲ್ಲಿ, ಅಂಗೈಯಗಲದ ಒಂದೊಂದು ಮಾಸಲು ಗುರುತು ಇರುತ್ತದೆ. ದಿನಕ್ಕೆ ಹತ್ತು ಸಲ, ವರ್ಷಗಟ್ಟಲೆ, ಅದೇ ಕೈ ಅದೇ ಜಾಗವನ್ನು ಮುಟ್ಟಿ ಮುಟ್ಟಿ, ಬೆವರು ಎಣ್ಣೆ ಎಲ್ಲ ಸೇರಿ ಬರೆದ ಗುರುತು. ಮನೆಯವರು ಅದನ್ನು ಕಂಡು ನಾಚುತ್ತಾರೆ. ಮೇಸ್ತ್ರಿ ಅದನ್ನು ಕಂಡರೆ ಊರಿನಿಂದ ಕಾಗದ ಬಂದವರ ಹಾಗೆ ಅರಳುತ್ತಿದ್ದರು. ಅದರ ಸುತ್ತ ಸೀಮೆಸುಣ್ಣದಿಂದ ಒಂದು ಸೊನ್ನೆ ಎಳೆದು, ಸರಿಯಾಗಿ ಅಲ್ಲಿಗೇ ಹಿಡಿಕೆಯ ಕಂಬಿ ಹಾಕುತ್ತಿದ್ದರು.

"ಇಷ್ಟು ಎತ್ತರಕ್ಕೆ ಹಾಕ್ಬೇಕು ಅಂತ ಪುಸ್ತಕದಲ್ಲಿ ಅಳತೆ ಇದೆ ಅಮ್ಮಾ," ಎಂದಿದ್ದರು ಒಮ್ಮೆ ನನ್ನ ಹತ್ತಿರ. "ಆದ್ರೆ ಕೈ ಪುಸ್ತಕ ಓದಿಲ್ವಲ್ಲ. ಜಾರಿದಾಗ ಅದು ತನಗೆ ಗೊತ್ತಿರೋ ಕಡೆಗೇ ಹೋಗುತ್ತೆ. ಹಿಡಿದ್ರಾ?"

ಹಿಡಿದ್ರಾ ಎನ್ನುವುದು ಅವರ ಪಲ್ಲವಿ. ಮಾತು ಅರ್ಥವಾಯಿತೇ ಎಂದು ಕೇಳಲೂ ಅದೇ, ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರಾ ಎಂದು ಕೇಳಲೂ ಅದೇ. ಯಾವುದನ್ನು ಕೇಳುತ್ತಿದ್ದಾರೆಂದು ತಿಳಿಯದೆ ಎಷ್ಟೋ ಜನ ಸುಮ್ಮನೆ ಕೈ ಚಾಚಿ ಪಕ್ಕದಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡುಬಿಡುತ್ತಿದ್ದರು.

ನಿವೃತ್ತರಾಗುವ ತನಕ ಅವರು ದುಡಿದದ್ದು ಬಸ್ಸು ಕಟ್ಟುವ ಕಾರ್ಖಾನೆಯಲ್ಲಿ. ನಿಂತ ಪ್ರಯಾಣಿಕರು ಹಿಡಿದುಕೊಳ್ಳುವ ಉದ್ದ ಕಂಬಿ, ಬಾಗಿಲ ಪಕ್ಕದ ನೆಟ್ಟನೆ ಕಂಬಿ, ಸೀಟಿನ ಬೆನ್ನಿನ ಮೇಲಿನ ಬಾಗು ಕಂಬಿ, ಇವೇ ನಲವತ್ತು ವರ್ಷದ ಕಸುಬು. ಹೊಸ ಬಸ್ಸು ಸಿದ್ಧವಾದಾಗ ಅದರಲ್ಲಿ ನಿಂತು ಒಂದು ಸುತ್ತು ಹೋಗಿ, ಎಲ್ಲಿ ಕೈ ತಡವುತ್ತದೆ ಎಂದು ನೋಡಿ ಬರುವುದೂ ಅವರದೇ ಕೆಲಸವಾಗಿತ್ತಂತೆ. ಆ ಸುತ್ತು ಅವರ ಕಾಲಿನಿಂದ ಇಳಿಯಲೇ ಇಲ್ಲ. ನೆಲ ಕಲ್ಲಿನ ಹಾಗೆ ನಿಂತಿದ್ದರೂ ಅವರು ಮಾತ್ರ ಕಾಲು ಅಗಲಿಸಿ, ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ತಿರುವು ಬಂದವರ ಹಾಗೆ ಅತ್ತ ಇತ್ತ ಮೆಲ್ಲಗೆ ತೂಗುತ್ತಾ ನಡೆಯುತ್ತಿದ್ದರು. ಅವರ ಹಿಂದೆ ಸ್ವಲ್ಪ ದೂರ ನಡೆದರೆ ನಮಗೂ ಬೀದಿ ಚಲಿಸುತ್ತಿದೆ, ಎರಡೂ ಕಡೆಯ ಮನೆಗಳು ಹಿಂದಕ್ಕೆ ಹೋಗುತ್ತಿವೆ ಎನ್ನಿಸುತ್ತಿತ್ತು. ಮೈಮೇಲೆ ಕಾರ್ಖಾನೆಯ ಹಳೆಯ ಬೂದುಬಣ್ಣದ ಕೋಟು, ಎದೆಯ ಮೇಲಿದ್ದ ನಂಬರಿನ ದಾರ ಬಿಚ್ಚಿಹೋಗಿ ಸೂಜಿಯ ತೂತುಗಳು ಮಾತ್ರ ಉಳಿದದ್ದು. ಬಲಜೇಬಿನಲ್ಲಿ ಗುಳ್ಳೆ ನೋಡಿ ಮಟ್ಟ ಹಿಡಿಯುವ ರಸಮಟ್ಟ, ಎಡಜೇಬಿನಲ್ಲಿ ಸ್ಕ್ರೂಗಳು. ಅವರು ಎದ್ದರೆ ಕೂತರೆ ಸಣ್ಣ ಮಳೆ ಬಂದ ಹಾಗೆ ಸದ್ದು.

ಹಾಕಿದ ಕಂಬಿಯನ್ನು ಪರೀಕ್ಷೆ ಮಾಡುವ ಅವರ ಕ್ರಮವನ್ನು ನೋಡಿ ಮೊದಲ ಸಲ ನಾನು ಕಿರುಚಿಕೊಂಡಿದ್ದೆ. ಅರವತ್ತೆಂಟರ ಮನುಷ್ಯ ಎರಡೂ ಕೈಯಲ್ಲಿ ಕಂಬಿ ಹಿಡಿದು, ಕಾಲು ಮಡಚಿ, ಇಡೀ ಮೈಯ ಭಾರ ಬಿಟ್ಟು ಬಾವಲಿಯ ಹಾಗೆ ತೂಗಾಡಿ, ಬಾಯಲ್ಲೇ ಇಪ್ಪತ್ತು ಎಣಿಸುತ್ತಿದ್ದರು. ಇಳಿದು ಕೈ ಒರೆಸಿಕೊಂಡು, "ಇನ್ನು ನಿಮ್ಮ ಭಾರ ಇದಕ್ಕೆ ಹೂವು," ಎನ್ನುತ್ತಿದ್ದರು. ಆ ಕಂಬಿಯ ಮೇಲೆ ಯಾರಾದರೂ ಒದ್ದೆ ಟವಲು ಹಾಕಿದ್ದು ಕಂಡರೆ ಮಾತ್ರ ಮುಖ ಗಂಟಿಕ್ಕುತ್ತಿತ್ತು. ಟವಲನ್ನು ತೆಗೆದು ಮನೆಯ ಯಜಮಾನನ ಹೆಗಲಿಗೆ ಹಾಕಿ ಹೋಗುತ್ತಿದ್ದರು.

ನಮ್ಮ ಬೀದಿಯ ಕೊನೆಯಲ್ಲಿ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದ ಒಬ್ಬ ಮುದುಕರಿದ್ದರು. ಹೆಂಡತಿ ಹೋದ ಮೇಲೆ ಒಬ್ಬರೇ. ಅವರ ಮನೆಯ ಗೋಡೆ ಓದುತ್ತಾ ಹೋದ ಮೇಸ್ತ್ರಿ ಕಿಟಕಿಯ ಪಕ್ಕ ನಿಂತುಬಿಟ್ಟರಂತೆ. ಅಲ್ಲೊಂದು ಗುರುತು, ಆಸರೆಗೆ ಕೈ ಚಾಚುವುದಕ್ಕಿಂತ ಎತ್ತರದಲ್ಲಿ, ದುಂಡಗೆ, ಎಣ್ಣೆ ಹೀರಿ ಹೊಳೆಯುತ್ತಿದ್ದದ್ದು. ಯಾವ ಕೈಯೂ ಅಲ್ಲಿ ಊರುವ ಹಾಗಿಲ್ಲ. ಸುಮಾರು ಹೊತ್ತು ನೋಡಿ, ಕೊನೆಗೆ ತಾವೇ ಮುಂದಕ್ಕೆ ಬಾಗಿ ಹಣೆ ಇಟ್ಟು ನೋಡಿದರು, ಸರಿಹೋಯಿತು. ಮುದುಕರು ನೆಲ ನೋಡುತ್ತಾ ನಿಂತಿದ್ದರು. ಮರುದಿನ ಮೇಸ್ತ್ರಿ ನಯವಾಗಿ ಉಜ್ಜಿದ ಒಂದು ಮರದ ತುಂಡನ್ನು ತಂದು ಅದೇ ಎತ್ತರಕ್ಕೆ ಕೂರಿಸಿ ಹೋದರು. "ಸುಣ್ಣ ತಣ್ಣಗಿರುತ್ತೆ. ಮರ ಆದ್ರೆ ಸ್ವಲ್ಪ ಬೆಚ್ಚಗೆ," ಎಂದಷ್ಟೇ ಹೇಳಿದ್ದರಂತೆ.

ನಮ್ಮ ಅಕ್ಕನ ಮನೆಗೆ ಅವರು ಬಂದ ಕಥೆ ಇನ್ನೊಂದು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಾನು ಮೇಲಿನ ಮನೆಯಲ್ಲಿ, ಅವಳು ಕೆಳಗಿನ ಎರಡು ಕೋಣೆಯಲ್ಲಿ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಮಗಳನ್ನು ಓದಿಸಿದವಳು. ಎಪ್ಪತ್ತೊಂಬತ್ತರಲ್ಲೂ ಕಿಟಕಿಯ ಪಕ್ಕ ಕಾಲುಮಷೀನಿನ ಮುಂದೆ ಕೂತರೆ ಅವಳ ಪಾದಗಳಿಗೆ ವಯಸ್ಸು ಮರೆತುಹೋಗುತ್ತಿತ್ತು. ಎದ್ದು ನಿಂತ ಕೂಡಲೇ ನೆನಪಾಗುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ, ಟವಲು ಹಾಕುವ ಕಂಬಿಗೆ ಜೋತುಬಿದ್ದಳು. ಅದು ಸ್ಕ್ರೂ ಸಮೇತ ಕಿತ್ತುಬಂತು. ಗಾಬರಿಯಲ್ಲಿ ನಾನು ಅವಳ ಮಗಳಿಗೆ ಫೋನು ಮಾಡಿ, "ನಿಮ್ಮಮ್ಮ ಕಂಬಿ ಕಿತ್ತುಬಿಟ್ಟಳು ಕಣೇ!" ಎಂದುಬಿಟ್ಟೆ.

ಆ ಕಡೆಯಿಂದ ಅವಳು, "ಓಡಿಹೋದ್ರಾ? ಎಲ್ಲಿಗೆ ಚಿಕ್ಕಮ್ಮ? ಯಾರ ಜೊತೆ?"

ನೆಲದ ಮೇಲೆ ಕೂತಿದ್ದ ಅಕ್ಕ ಸೊಂಟ ಹಿಡಿದುಕೊಂಡೇ ನಕ್ಕಳು. "ಹೇಳೇ ಅವಳಿಗೆ, ಕಾಲು ನೆಟ್ಟಗಿದ್ದಿದ್ರೆ ಯೋಚನೆ ಮಾಡ್ತಿದ್ದೆ ಅಂತ."

ಮಗಳು ಮಾತ್ರ ಬಂದು ನೋಡಿದ ಮೇಲೆ ನಗಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸು. "ಸೊಂಟದ ಮೂಳೆ ಮುರ್ಕೊಂಡು ಬರೋರನ್ನ ನಾನು ದಿನಾ ನೋಡ್ತೀನಿ ಚಿಕ್ಕಮ್ಮ. ನಡ್ಕೊಂಡು ವಾಪಸ್ ಹೋಗೋರು ಎಷ್ಟು ಜನ ಅಂತ ನನ್ನ ಕೇಳಿ," ಎಂದಳು. ಅಮ್ಮ ತನ್ನ ಮನೆಗೆ, ನಾಲ್ಕನೇ ಮಹಡಿಗೆ, ಬಂದಿರಬೇಕೆಂದು ಅವಳ ತೀರ್ಮಾನ. ಅಲ್ಲಿ ಮಷೀನಿಗೆ ಜಾಗವಿಲ್ಲ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತು ಕರೆದು ಕೊನೆಗೆ ಒಪ್ಪಂದವಾದದ್ದು ಹೀಗೆ: ಮುಂದಿನ ಭಾನುವಾರದೊಳಗೆ ಮನೆಯನ್ನು ಸರಿ ಮಾಡಿಸುವುದು; ಅವಳು ಬಂದು ನೋಡುವುದು; ಒಪ್ಪಿಗೆಯಾದರೆ ಸರಿ, ಆಗದಿದ್ದರೆ ಅಥವಾ ಅಷ್ಟರಲ್ಲಿ ಇನ್ನೊಂದು ಸಲ ಬಿದ್ದರೆ, ಅಮ್ಮ ಮರುಮಾತಾಡದೆ ಹೊರಡುವುದು.

ಕಂಬಿ ಮೇಸ್ತ್ರಿಗೆ ಹೇಳಿಕಳಿಸಿದೆವು. ಅವರು ಬರುವುದರೊಳಗೆ ನಾವಿಬ್ಬರೂ ಸೇರಿ, ಜನ್ಮದಲ್ಲಿ ಮಾಡಿದ ದಡ್ಡತನಗಳಲ್ಲೆಲ್ಲ ದೊಡ್ಡದೊಂದನ್ನು ಮಾಡಿದೆವು. ಹೊರಗಿನವರು ಬರುತ್ತಾರೆ, ಗೋಡೆಯೆಲ್ಲ ಕೈಕೊಳೆ, ಏನೆಂದುಕೊಂಡಾರು ಎಂದು ಬಣ್ಣದವನನ್ನು ಕರೆಸಿ ಎರಡು ಕೋಣೆಗೂ ಬೆಳ್ಳಗೆ ಬಳಿಸಿಬಿಟ್ಟೆವು.

ಗುರುವಾರ ಬಂದ ಮೇಸ್ತ್ರಿ ಚಪ್ಪಲಿ ಬಿಟ್ಟು, ಗೋಡೆಗೆ ಕೆನ್ನೆ ಕೊಟ್ಟು, ಕಣ್ಣು ಮುಚ್ಚಿ ತೆರೆದು, ಕೋಣೆಯ ಉದ್ದಕ್ಕೂ ಸರಿದು, ಮೂಲೆಗೆ ಹೋಗಿ, ಮತ್ತೆ ಹಿಂದಕ್ಕೆ ಬಂದರು. ಹೊಸ ಬಣ್ಣದ ವಾಸನೆ ಮನೆಯೆಲ್ಲ ಹರಡಿತ್ತು. ಬಿಸಿಲು ಬಿಳಿಗೋಡೆಗೆ ಬಡಿದು, ಕೋಣೆಯೇ ಹಾಲಿನಲ್ಲಿ ಮುಳುಗಿದ ಹಾಗೆ, ಎಲ್ಲಿ ಮೂಲೆ ಎಲ್ಲಿ ಬಾಗಿಲು ತಿಳಿಯದ ಹಾಗೆ ಇತ್ತು. ಆ ಬೆಳಕಿನಲ್ಲಿ ಅವರು, ಎಲ್ಲ ಪುಟಗಳೂ ಖಾಲಿಯಿರುವ ಪುಸ್ತಕ ಕೈಗೆ ಸಿಕ್ಕವರ ಹಾಗೆ ನಿಂತರು.

"ಯಾರಮ್ಮಾ ಇದನ್ನ ಅಳಿಸಿದ್ದು?"

"ನಾವೇ. ಚೆನ್ನಾಗಿ ಕಾಣ್ಲಿ ಅಂತ," ಎಂದೆ.

"ಇಪ್ಪತ್ತು ವರ್ಷ ಕೂತು ಬರೆದಿದ್ರು ಅವ್ರು. ಒಂದು ದಿನದಲ್ಲಿ ಅಳಿಸಿಬಿಟ್ರಲ್ಲ," ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಜಾಸ್ತಿ ಇದ್ದಂತಿತ್ತು.

ಹೋಗಲಿ, ಒಂದು ಸಲ ಬಚ್ಚಲ ತನಕ ನಡೆದು ತೋರಿಸಿ ಎಂದರೆ, ಅಕ್ಕ ಸೆರಗು ಸರಿಮಾಡಿಕೊಂಡು, ಎದೆ ಎತ್ತಿ, ಏನನ್ನೂ ಮುಟ್ಟದೆ ಮದುಮಗಳ ಹಾಗೆ ನೆಟ್ಟಗೆ ನಡೆದುಹೋದಳು. ಮೇಸ್ತ್ರಿ ತಲೆಯಾಡಿಸಿದರು. ಯಾರಾದರೂ ನೋಡುತ್ತಿದ್ದರೆ ಜನ ಬೇರೆಯೇ ಕಾಲಿನಲ್ಲಿ ನಡೆಯುತ್ತಾರೆ, ಅದರಿಂದ ಪ್ರಯೋಜನವಿಲ್ಲ ಎಂದರು.

ಅಕ್ಕನಿಗೂ ರೇಗಿತ್ತು. "ಅಲ್ಲಪ್ಪಾ ಮೇಸ್ತ್ರಿ, ಈ ವಯಸ್ಸಲ್ಲಿ ನನ್ನ ಮನೆಯಲ್ಲೇ ನಾನು ಕಂಬಿ ಎಣಿಸ್ಬೇಕಾ? ಯಾರನ್ನ ಕೊಂದಿದೀನಿ ನಾನು?"

"ಎಣಿಸಿ ಅಮ್ಮಾ, ಜಾಸ್ತಿ ಇರಲ್ಲ, ಐದೋ ಆರೋ," ಎಂದರು ಅವರು. "ಜೈಲಿನ ಕಂಬಿ ನಿಮ್ಮನ್ನ ಹಿಡಿಯುತ್ತೆ. ಇದನ್ನ ನೀವು ಹಿಡೀತೀರಿ. ಹಿಡಿದ್ರಾ?"

ಅಕ್ಕ ಅಭ್ಯಾಸಬಲದಿಂದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಮೇಸ್ತ್ರಿ ಅದನ್ನು ಓರೆಗಣ್ಣಿನಲ್ಲಿ ನೋಡಿ ಮೊದಲ ಸಲ ಮುಗುಳ್ನಕ್ಕರು. ಆಮೇಲೆ ಕೋಟಿನ ಒಳಜೇಬಿಗೆ ಕೈಹಾಕಿ ಒಂದು ಪೊಟ್ಟಣ ತೆಗೆದರು. ದಾರಕ್ಕೆ ಸವರಿ ಗೋಡೆಯ ಮೇಲೆ ಚಟ್ಟನೆ ಗೆರೆ ಹೊಡೆಯುತ್ತಾರಲ್ಲ, ಆ ನೀಲಿ ಪುಡಿ. ಅದನ್ನು ಒಂದು ತಟ್ಟೆಯಲ್ಲಿ ಸುರಿದು ಮಂಚದ ಪಕ್ಕ ಇಟ್ಟರು. ಏಳುವಾಗಲೆಲ್ಲ ಅಂಗೈಗೆ ಹಚ್ಚಿಕೊಳ್ಳಬೇಕು. ಯಾರೂ ನೋಡಲು ಬರುವುದಿಲ್ಲ. ಯಾರೂ ಒರೆಸಬಾರದು. ಶನಿವಾರ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ, ತೂಗುತ್ತಾ ಹೊರಟುಹೋದರು.

ಆ ಎರಡು ದಿನ ನಾನೂ ಕೆಳಗಿಳಿಯಲಿಲ್ಲ. ಮೇಲಿನಿಂದಲೇ ಕೂಗಿ ಮಾತಾಡಿಸುತ್ತಿದ್ದೆ. ಮಷೀನಿನ ಸದ್ದು ಕೇಳಿಸಿದರೆ ಸಮಾಧಾನ, ನಿಂತರೆ ಕಿವಿಯೆಲ್ಲ ನೆಲಕ್ಕೆ. ಶನಿವಾರ ಮೇಸ್ತ್ರಿಯ ಹಿಂದೆ ಒಳಗೆ ಕಾಲಿಟ್ಟಾಗ ನನಗೆ ಕಂಡದ್ದನ್ನು ಹೇಗೆ ಹೇಳಲಿ. ಬಿಳಿಯ ಗೋಡೆಗಳ ಮೇಲೆಲ್ಲ ನೀಲಿ ಹಕ್ಕಿಗಳು ಇಳಿದಿದ್ದವು. ಮಂಚದ ಪಕ್ಕ ಒಂದು ಗುಂಪು, ಬಾಗಿಲ ಅಂಚಿನಲ್ಲಿ ರೆಕ್ಕೆ ಮಡಚಿದ ಎರಡು, ಬಚ್ಚಲಿನ ಹಾದಿಯಲ್ಲಿ ಒಂದರ ಹಿಂದೊಂದು, ಮಷೀನಿನ ಮೇಲಿನ ಕಿಟಕಿದಂಡೆಯಲ್ಲಿ ಒಂದೇ ಒಂದು, ಹಾರಿಹೋಗಲು ಸಿದ್ಧವಾದ ಹಾಗೆ. ನಮ್ಮ ಅಕ್ಕ ದಿನವಿಡೀ ಹೀಗೆ ಈ ಗೂಡಿನಿಂದ ಆ ಗೂಡಿಗೆ ಹೋಗುತ್ತಿದ್ದಳೇ, ಇಷ್ಟೊಂದು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳೇ ಎಂದು ನಾನು ಒಂದೊಂದನ್ನೇ ಎಣಿಸತೊಡಗಿದೆ. ಮೇಲಿನ ಮನೆಯಲ್ಲೇ ಇದ್ದ ನನಗೆ ಅದು ಗೊತ್ತಿರಲಿಲ್ಲ.

ಮೇಸ್ತ್ರಿ ಸೀಮೆಸುಣ್ಣ ಹಿಡಿದು ಒಂದೊಂದನ್ನೇ ಸುತ್ತುಹಾಕುತ್ತಾ ಹೋದರು. ಮಂಚಕ್ಕೂ ಬಾಗಿಲಿಗೂ ನಡುವಿನ ಗೋಡೆಯ ಹತ್ತಿರ ಬಂದವರು ನಿಂತರು. ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತರು. ಅಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಒಂದು ಇಡೀ ಅಂಗೈ. ಸುತ್ತಲೂ ಒದ್ದೆಬಟ್ಟೆಯಲ್ಲಿ ಉಜ್ಜಿದ ಕಲೆ. ಒರೆಸಲು ಹೋಗಿ ನೀಲಿ ಇನ್ನಷ್ಟು ಹರಡಿತ್ತು.

ಮಂಚದ ಮೇಲೆ ಕೂತಿದ್ದ ಅಕ್ಕ ಕಿಟಕಿಯ ಕಡೆ ತಿರುಗಿದಳು.

"ಯಾವಾಗಮ್ಮಾ?" ಎಂದರು ಮೇಸ್ತ್ರಿ, ನೆಲದ ಹತ್ತಿರದಿಂದಲೇ.

"ನಿನ್ನೆ ಬೆಳಿಗ್ಗೆ. ಏನೂ ಆಗ್ಲಿಲ್ಲ. ಸುಮ್ನೆ ಕೂತ ಹಾಗಾಯ್ತು," ಎಂದಳು. ಆಮೇಲೆ ನನ್ನನ್ನೂ ಅವರನ್ನೂ ಒಟ್ಟಿಗೆ ನೋಡಿ, "ನಾಳೆ ನನ್ನ ಮಗಳು ಬರ್ತಾಳೆ. ಅವಳಿಗೆ ಹೇಳ್ಬೇಡಿ. ನಿಮ್ಮಿಬ್ಬರ ಕಾಲಿಗೆ ಬೀಳ್ತೀನಿ."

"ಮತ್ತೆ ಬೀಳೋ ಮಾತೇ ಆಡ್ತೀರಲ್ಲ," ಎಂದರು ಮೇಸ್ತ್ರಿ. "ನಾನು ಹೇಳಲ್ಲ ಅಮ್ಮಾ. ಹೇಳೋದಾದ್ರೆ ನೀವೇ ಹೇಳ್ಬೇಕು. ಆದ್ರೆ ಮುಚ್ಚಿಟ್ಟ ಜಾಗಕ್ಕೆ ನಾನು ಕಂಬಿ ಹೇಗೆ ಹಾಕ್ಲಿ? ಮಗಳು ಬಂದು, ಇಷ್ಟು ಕೆಳಗೆ ಯಾಕೆ ಹಾಕಿದೀರಿ ಅಂತ ಕೇಳ್ತಾಳಲ್ಲ."

ಆಮೇಲೆ ಅವರು ಅದೇ ಗೋಡೆಗೆ ಕೆನ್ನೆ ಕೊಟ್ಟು ಬಹಳ ಹೊತ್ತು ಕೂತರು. ಕೊನೆಗೆ ಬೆರಳಿನಿಂದ ಗಾಳಿಯಲ್ಲೇ ಒಂದು ಗೆರೆ ಎಳೆದರು: ಗೇಣೆತ್ತರದ ಆ ಅಂಗೈ, ಅದರ ಮೇಲೆ ಮೊಣಕಾಲೆತ್ತರಕ್ಕೆ ನಾಲ್ಕು ಬೆರಳು, ಪಕ್ಕದಲ್ಲಿದ್ದ ಬಟ್ಟೆಪೆಟ್ಟಿಗೆಯ ಅಂಚಿನಲ್ಲಿ ಇನ್ನೊಂದು ಅಂಗೈ, ಅಲ್ಲಿಂದ ಬಾಗಿಲ ಚೌಕಟ್ಟಿನಲ್ಲಿ ಎದೆಯ ಮಟ್ಟಕ್ಕೆ ಮತ್ತೊಂದು.

"ಬಿದ್ದವರ ಕೈ ಗೋಡೆ ಮೇಲೆ ಕೆಳಮುಖವಾಗಿ ಜಾರಿರುತ್ತೆ ಅಮ್ಮಾ. ಇದು ಮೇಲಕ್ಕೆ ಹೋಗಿದೆ ನೋಡಿ. ನೀವು ಒರೆಸೋಕೆ ಹೋದದ್ದು ಬಿದ್ದ ಗುರುತಲ್ಲ, ಎದ್ದ ಗುರುತು."

ಅಕ್ಕ ಆ ಗೋಡೆಯನ್ನು, ಬೇರೆ ಯಾರದೋ ಮನೆಯ ಗೋಡೆಯನ್ನು ನೋಡುವ ಹಾಗೆ ನೋಡಿದಳು.

ಆವತ್ತು ಸಂಜೆಯೊಳಗೆ ಆರು ಕಂಬಿ ಕೂತವು. ಬಿಳಿಯ ಮೇಲೆ ಬಿಳಿ ವಯಸ್ಸಾದ ಕಣ್ಣಿಗೆ ಕಾಣುವುದಿಲ್ಲವೆಂದು ಎಲ್ಲಕ್ಕೂ ಕೆಂಪು ಟೇಪು ಸುತ್ತಿದರು. ಮಂಚದ ಪಕ್ಕದ ಗೋಡೆಗೆ ಮಾತ್ರ ಮೂರು, ಒಂದರ ಮೇಲೊಂದು, ಏಣಿಯ ಹಾಗೆ. ಕೆಳಗಿನದು ನೆಲಕ್ಕೆ ಗೇಣಷ್ಟೇ ಎತ್ತರ. ನೀಲಿ ಗುರುತುಗಳನ್ನು ಒರೆಸಲು ಬಿಡಲಿಲ್ಲ.

ಭಾನುವಾರ ಮಗಳು ಬಂದಳು, ಮೇಸ್ತ್ರಿಯೂ ಇದ್ದರು. ಬಚ್ಚಲು ನೋಡಿದಳು, ಕಂಬಿ ಜಗ್ಗಿ ನೋಡಿದಳು, ಒಳ್ಳೆ ಕೆಲಸ ಎಂದಳು. ಮಂಚದ ಪಕ್ಕಕ್ಕೆ ಬಂದು, ಇಷ್ಟು ಕೆಳಗೆ ಯಾಕೆ ಎಂದು ಮೇಸ್ತ್ರಿ ಹೇಳಿದ್ದ ಪ್ರಶ್ನೆಯನ್ನೇ ಕೇಳಿದಳು. ಮೇಸ್ತ್ರಿ ರಸಮಟ್ಟದ ಗುಳ್ಳೆಯನ್ನು ನೋಡುತ್ತಾ ನಿಂತರು.

"ಶುಕ್ರವಾರ ನಾನಲ್ಲಿ ಬಿದ್ದೆ ಕಣೇ," ಎಂದಳು ಅಕ್ಕ. "ಎದ್ದೆ ಕೂಡ."

ಮಗಳ ಮುಖದ ಬಣ್ಣ ಇಳಿಯಿತು. "ಅಮ್ಮಾ, ಮಾತಾಗಿತ್ತು ನಮ್ಮಿಬ್ಬರದು."

"ಆಗಿತ್ತು. ಅದಕ್ಕೇ ಹೇಳ್ದೆ."

"ಇನ್ನು ಮೇಲೆ ಬೀಳಲ್ಲ ಅಂತ ಬರ್ಕೊಡ್ತೀರಾ ನೀವು?" ಎಂದು ಮಗಳು ಮೇಸ್ತ್ರಿಯ ಕಡೆ ತಿರುಗಿದಳು.

"ಇಲ್ಲಮ್ಮಾ. ನಲವತ್ತು ವರ್ಷ ಬಸ್ಸಿಗೆ ಕಂಬಿ ಹಾಕಿದೀನಿ. ಡ್ರೈವರ್ ಬ್ರೇಕ್ ಹಾಕಲ್ಲ ಅಂತ ಒಂದು ದಿನವೂ ಯಾರಿಗೂ ಮಾತು ಕೊಟ್ಟಿಲ್ಲ." ಮೂಲೆಯ ಕುರ್ಚಿ ತೋರಿಸಿ, "ಆದ್ರೆ ಒಂದು ತೋರಿಸ್ಬಹುದು. ನೀವು ಆ ಕುರ್ಚಿ ಮೇಲೆ ಕೂತ್ಕೊಳ್ಳಿ. ನಿಮ್ಮ ಎರಡೂ ಕೈ ತೊಡೆ ಕೆಳಗೆ ಇಟ್ಕೊಳ್ಳಿ. ಏನೇ ಆದ್ರೂ ತೆಗೀಬಾರದು."

ಅಕ್ಕನನ್ನು ನೆಲದ ಮೇಲೆ ಮಲಗಲು ಹೇಳಿದರು. ಅವಳು ಕಂಬಿ ಹಿಡಿದು ಇಳಿದು, ಒಂದು ಮಗ್ಗುಲಾಗಿ, ಆಟಕ್ಕೆ ಮಲಗಿದ ಮಗುವಿನ ಹಾಗೆ ಕಣ್ಣುಬಿಟ್ಟುಕೊಂಡು ಮಲಗಿದಳು. ಆಮೇಲೆ ಏಳತೊಡಗಿದಳು. ಎಷ್ಟು ಹೊತ್ತು ಹಿಡಿಯಿತೋ ನಾನು ಹೇಳಲಾರೆ. ಕೆಳಗಿನ ಕಂಬಿಗೆ ಕೈ ಸಿಕ್ಕಿತು. ಮೊಣಕಾಲು ಒಂದು ಸಲ ಜಾರಿತು. ಕುರ್ಚಿ ಕಿರುಗುಟ್ಟಿತು, ಮಗಳ ಹೆಗಲುಗಳು ಮುಂದಕ್ಕೆ ನುಗ್ಗಿ ಬಂದವು, ಕೈಗಳು ಮಾತ್ರ ತೊಡೆಯ ಕೆಳಗೇ ಇದ್ದವು. ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಜನರನ್ನು ಎತ್ತಿ ಕೂರಿಸುವ ಕೈಗಳು ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸವೆಂದು ಆವತ್ತು ಅವಳ ಮುಖ ನೋಡಿ ತಿಳಿದೆ. ಎರಡನೇ ಕಂಬಿ. ಸ್ವಲ್ಪ ವಿಶ್ರಾಂತಿ. ಮೂರನೆಯದು. ಅಕ್ಕ ಎದ್ದು ನಿಂತು, ಕೆದರಿದ ಕೂದಲು ಸರಿಮಾಡಿಕೊಂಡು, ಮಗಳನ್ನು ನೋಡಿದಳು.

ಮಗಳು ಕಣ್ಣು ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ. "ಇನ್ನೊಂದ್ಸಲ," ಎಂದಳು.

"ನಿನಗೇನು ತಲೆ ಕೆಟ್ಟಿದೆಯಾ?" ಎಂದಳು ಅಕ್ಕ. ಆದರೂ ಮಲಗಿದಳು. ಎರಡನೇ ಸಲ ಎದ್ದದ್ದು ಮೊದಲಿಗಿಂತ ಬೇಗ.

ಆ ದಿನ ಮಗಳು ಒಬ್ಬಳೇ ಬಸ್ಸು ಹತ್ತಿ ಹೋದಳು. ಹೋಗುವ ಮುಂಚೆ, ಪ್ರತಿ ಭಾನುವಾರ ಬಂದು ಹೀಗೇ ಎರಡು ಸಲ ಏಳಿಸುತ್ತೇನೆ ಎಂದು ಷರತ್ತು ಹಾಕಿದಳು. ಅಕ್ಕ ಇನ್ನೂ ಆರು ವರ್ಷ ಆ ಎರಡು ಕೋಣೆಗಳಲ್ಲಿ ಇದ್ದಳು. ನನಗೆ ತಿಳಿದಂತೆ ನಾಲ್ಕು ಸಲ ಬಿದ್ದಳು. ಪ್ರತಿ ಸಲವೂ ಬಿದ್ದ ಸುದ್ದಿಯನ್ನು ಎದ್ದ ಮೇಲೆ ಅವಳೇ ಮಗಳಿಗೆ ಫೋನು ಮಾಡಿ ಹೇಳಿದಳು.

ಕಂಬಿ ಮೇಸ್ತ್ರಿಯನ್ನು ನೆನೆದಾಗಲೆಲ್ಲ ಅಂಥವರದೊಂದು ಬಗೆ ಈ ಲೋಕದಲ್ಲಿ ಇದೆಯಲ್ಲ ಎಂದು ಆಶ್ಚರ್ಯಪಡುತ್ತೇನೆ. ನಮ್ಮ ಮೇಲಿನ ಪ್ರೀತಿಯಿಂದ ನಮ್ಮನ್ನು ಎತ್ತಿಕೊಳ್ಳುವವರು ಬಹಳ. ಅವರ ತೋಳಿನಲ್ಲಿ ನಾವು ದಿನದಿನಕ್ಕೆ ಹಗುರಾಗುತ್ತಾ, ಕೊನೆಗೊಂದು ದಿನ ಇಲ್ಲವೇ ಇಲ್ಲ ಎಂಬಷ್ಟು ಹಗುರಾಗಿಬಿಡುತ್ತೇವೆ. ಇವರಾದರೋ ನಮ್ಮ ಭಾರವನ್ನು ನಮಗೇ ಬಿಟ್ಟುಕೊಟ್ಟು, ಅದು ತಾನಾಗಿ ಎತ್ತ ವಾಲುತ್ತದೆಂದು ಕಾದು ನೋಡಿ, ಅಲ್ಲೊಂದು ಆಸರೆ ಇಟ್ಟು ಸರಿದುಕೊಳ್ಳುತ್ತಾರೆ. ಕೈ ಹಿಡಿದು ನಡೆಸಿದವರ ಮುಖ ಕಣ್ಣ ಮುಂದೆ ಉಳಿಯುತ್ತದೆ. ಇಂಥವರ ಮುಖ ಬೇಗ ಮರೆತುಹೋಗುತ್ತದೆ. ಏಕೆಂದರೆ ಅವರು ಕೆಲಸ ಮುಗಿಸಿ ಹೋದ ಮೇಲೆ, ನಾವು ನಮ್ಮಷ್ಟಕ್ಕೆ ನಾವೇ ನಡೆಯುತ್ತಿದ್ದೇವೆ ಎಂದೇ ನಮಗೆ ಅನ್ನಿಸುತ್ತಿರುತ್ತದೆ. ಹಾಗೆ ಅನ್ನಿಸಲಿ ಎಂಬುದೇ ಅವರ ಆಸೆಯಾಗಿತ್ತೆಂದು ತಿಳಿಯುವ ಹೊತ್ತಿಗೆ ಅವರು ಯಾವುದೋ ಬೀದಿಯಲ್ಲಿ, ಇನ್ನಾರದೋ ಬಾಗಿಲ ಮುಂದೆ ನಿಂತಿರುತ್ತಾರೆ.